ಗಾಡಿ ಸಿದ್ಧ, ದಡ?

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಗುಬ್ಬಿ ಸೀಮೆಯ ಕಡಬದ ಕೆರೆ ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಹರಿದು ಶಿವನಸಮುದ್ರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ನಕ್ಷೆಯಲ್ಲಿ ಈ ಹೊಳೆಯ ಜಾಡಿನ ಮೇಲೆ ಬೆರಳಾಡಿಸಿದರೆ ಸಾಕು, ಎರಡು ರಾತ್ರಿಯ ಪ್ರವಾಸವೊಂದು ತಾನಾಗಿ ಕಣ್ಣಿಗೆ ಕಟ್ಟುತ್ತದೆ. ಶುಕ್ರವಾರ ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತುಮಕೂರು ದಾಟಿ ಬಿ.ಎಚ್. ರಸ್ತೆಯಲ್ಲಿ ಗುಬ್ಬಿ. ಕಡಬದ ಕೆರೆಯ ಬಳಿ ಒಂದು ರಾತ್ರಿ, ಮಾರ್ಕೋನಹಳ್ಳಿಯ ಹಿನ್ನೀರಿನ ಪಕ್ಕ ಇನ್ನೊಂದು ರಾತ್ರಿ. ಭಾನುವಾರ ಕುಣಿಗಲ್ ದೊಡ್ಡಕೆರೆ ನೋಡಿಕೊಂಡು ವಾಪಸ್. ಹೋಟೆಲ್ ಕೋಣೆ ಹುಡುಕುವ ಗೋಜಿಲ್ಲ. ಹಾಸಿಗೆ, ಒಲೆ, ಫ್ರಿಜ್ಜು, ಶೌಚಾಲಯ ಎಲ್ಲವೂ ಗಾಡಿಯ ಒಳಗೇ ಇವೆ.

ಕ್ಯಾರವಾನ್ ಬಾಡಿಗೆಗೆ ಸಿಗತೊಡಗಿದ ಮೇಲೆ ಇಂಥ ಯೋಜನೆಗಳು ಮಧ್ಯಮವರ್ಗದ ಮನೆಗಳಲ್ಲಿ ಸಲೀಸಾಗಿ ತಯಾರಾಗುತ್ತಿವೆ. ಆಸೆ ಒಳ್ಳೆಯದೇ. ವಯಸ್ಸಾದ ತಾಯಿಯನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು, ಊಟ-ಶೌಚಕ್ಕೆ ಪರದಾಡದೆ, ನೀರಿನ ಪಕ್ಕ ಬೆಳಗು ನೋಡಬೇಕೆನ್ನುವುದು ದುಬಾರಿ ಶೋಕಿಯೇನಲ್ಲ. ಆದರೆ ಈ ಯೋಜನೆಗಳನ್ನು ಒಂದು ಕೃತಿಯನ್ನು ಓದುವಂತೆ ಕೂತು ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಗಾಡಿಯ ಬಗ್ಗೆ ಎರಡು ಪುಟ ಇರುತ್ತದೆ: ಎಷ್ಟು ಜನ ಮಲಗಬಹುದು, ಎ.ಸಿ. ಎಷ್ಟು ಹೊತ್ತು ಓಡುತ್ತದೆ, ಇನ್ವರ್ಟರ್ ಎಷ್ಟು ತಾಳುತ್ತದೆ. ದಡದ ಬಗ್ಗೆ ಇರುವುದು ಒಂದೇ ಮಾತು: ಕೆರೆ ಪಕ್ಕ ನಿಲ್ಲಿಸುವುದು.

ಎಲ್ಲಿ, ಯಾವ ಪಕ್ಕ, ಯಾರನ್ನು ಕೇಳಿ?

ಈ ಪ್ರವಾಸದ ಮೂಲ ಮಾದರಿ ಉತ್ತರ ಅಮೆರಿಕದ್ದು. ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಅದು ಬೇಸಿಗೆ ರಜೆಯ ಮಾಮೂಲಿ ಸಂಗತಿ. ಟೊರಾಂಟೊದಿಂದ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರ-ಪಶ್ಚಿಮಕ್ಕೆ, ಲೇಕ್ ಸುಪೀರಿಯರ್ ಪ್ರಾಂತೀಯ ಉದ್ಯಾನದ ಅಗಾವಾ ಬೇ ಎಂಬ ತಂಗುದಾಣವಿದೆ. ಎದುರಿಗಿರುವ ಸರೋವರದ ಹರವು ಸುಮಾರು 82,000 ಚದರ ಕಿ.ಮೀ. ಕಡಲೆಂದರೂ ನಡೆಯುತ್ತದೆ. ಅಲ್ಲಿಗೆ ಹೊರಡುವವರ ಯೋಜನೆ ಶುರುವಾಗುವುದು ಗಾಡಿಯಿಂದಲ್ಲ, ಜಾಗದ ನಂಬರಿನಿಂದ. ಒಂಟಾರಿಯೊದ ಉದ್ಯಾನಗಳಲ್ಲಿ ಐದು ತಿಂಗಳು ಮೊದಲೇ ಜಾಗ ಕಾಯ್ದಿರಿಸಬಹುದು. ಜನ ಬೆಳಿಗ್ಗೆ ಏಳಕ್ಕೆ ಕಂಪ್ಯೂಟರಿನ ಮುಂದೆ ಕೂತು ಕಾಯುತ್ತಾರೆ. ಗಾಡಿಯ ಉದ್ದ ಎಷ್ಟು, ಕರೆಂಟು ಕಂಬ ಬೇಕೋ ಬೇಡವೋ, ನೀರಿನ ನಲ್ಲಿ ಎಷ್ಟು ದೂರ ಎಂಬುದೆಲ್ಲ ಆಗಲೇ ತೀರ್ಮಾನವಾಗಬೇಕು. ಕರಡಿಗಳಿರುವುದರಿಂದ ತಿನಿಸನ್ನು ಹೊರಗಿಡುವಂತಿಲ್ಲ. ಮರ ಕೊರೆಯುವ ಹುಳ ಒಂದು ಕಾಡಿನಿಂದ ಇನ್ನೊಂದಕ್ಕೆ ಹರಡಬಾರದೆಂದು ಸೌದೆಯನ್ನು ದೂರದಿಂದ ಹೊತ್ತು ತರಬಾರದು ಎನ್ನುತ್ತಾರೆ; ಅಲ್ಲೇ ಕೊಳ್ಳಬೇಕು. ಜೂನಿನಲ್ಲಿ ಕಚ್ಚುವ ಕಪ್ಪು ನೊಣಗಳ ಕಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಜಾಗ ಯಾರ ಫೋಟೋದಲ್ಲೂ ಬರುವುದಿಲ್ಲ. ಅಲ್ಲಿನ ದೊಡ್ಡ ತಂಗುದಾಣಗಳಲ್ಲಿ ಕೊಳಚೆ ಖಾಲಿ ಮಾಡುವ ಕಟ್ಟೆಯೊಂದಿರುತ್ತದೆ. ಹೊರಡುವ ದಿನ ಗಾಡಿಗಳು ಅಲ್ಲಿ ಸಾಲುಗಟ್ಟುತ್ತವೆ. ಚಾಲಕ ಕೈಗವಸು ಹಾಕಿಕೊಂಡು ದಪ್ಪ ಪೈಪನ್ನು ಗಾಡಿಯ ಹೊಟ್ಟೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ಗುಂಡಿಯೊಳಕ್ಕೆ ಇಳಿಸುತ್ತಾನೆ. ಮೊದಲು ಶೌಚದ ತೊಟ್ಟಿ; ಆಮೇಲೆ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿನ ತೊಟ್ಟಿ. ಎರಡನೆಯದರ ನೀರು ಹರಿಯುವಾಗ ಮೊದಲನೆಯದರ ಗಲೀಜು ಪೈಪಿನಿಂದ ತೊಳೆದುಹೋಗುತ್ತದೆ. ಅದಕ್ಕೇ ಆ ಕ್ರಮ. ಹತ್ತು ನಿಮಿಷದ ಕೆಲಸ. ಸರೋವರ ತಿಳಿಯಾಗಿ ಉಳಿದಿರುವುದರಲ್ಲಿ ಆ ಹತ್ತು ನಿಮಿಷದ ಪಾಲು ದೊಡ್ಡದು. ನಾವು ಕ್ಯಾರವಾನನ್ನು ಆಮದು ಮಾಡಿಕೊಂಡೆವು. ಆ ಗುಂಡಿಯನ್ನು ಅಲ್ಲೇ ಬಿಟ್ಟು ಬಂದೆವು.

ಶಿಂಷೆಯ ಜಾಡಿನ ಎರಡು ರಾತ್ರಿಯ ಯೋಜನೆಯನ್ನು ಈ ಪ್ರಶ್ನೆಯಿಟ್ಟು ನೋಡೋಣ. ನಾಲ್ಕು ಜನ ಎರಡು ದಿನ ಬಳಸಿದ ಗಾಡಿಯ ತೊಟ್ಟಿ ಎಲ್ಲಿ ಖಾಲಿಯಾಗಬೇಕು? ಗುಬ್ಬಿಯಿಂದ ಕುಣಿಗಲ್‌ವರೆಗಿನ ಹಾದಿಯಲ್ಲಿ ಅದಕ್ಕೆಂದೇ ಕಟ್ಟಿದ ಜಾಗ ಪ್ರವಾಸಿಗೆ ಕಾಣುವುದಿಲ್ಲ. ಹಾಗಾದಾಗ ರಾತ್ರಿಯ ಕತ್ತಲಲ್ಲಿ, ಚರಂಡಿಯ ಪಕ್ಕದಲ್ಲೋ ಕೆರೆಯ ಕಾಲುವೆಯ ಬಳಿಯೋ ಕವಾಟ ತೆರೆಯುವ ಆಸೆ ಹುಟ್ಟುತ್ತದೆ. ತುಮಕೂರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಊರಿನ ಕುಡಿಯುವ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ಆ ಕೆರೆಗೆ ನೀರು ದೂರದ ಹೇಮಾವತಿಯಿಂದ ನಾಲೆಯಲ್ಲಿ ಹರಿದು ಬರಬೇಕು. ಹೇಮಾವತಿಯ ಪಾಲಿಗಾಗಿ ತಾಲ್ಲೂಕು ತಾಲ್ಲೂಕುಗಳ ನಡುವೆಯೇ ಜಗ್ಗಾಟವಿರುವ ಜಿಲ್ಲೆ ಇದು. ಇಲ್ಲಿ ಒಂದು ಕೆರೆ ತುಂಬುವುದೆಂದರೆ ಊರಿಗೆ ಹಬ್ಬ. ಹೆಂಗಸರು ಅರಿಶಿನ-ಕುಂಕುಮ ಹಿಡಿದು ಬಾಗಿನ ಬಿಡಲು ಬರುತ್ತಾರೆ. ಅಂಥ ನೀರಿಗೆ ಗಾಡಿಯ ಕೊಳಚೆ ಸೇರುವುದು ಸಣ್ಣ ತಪ್ಪಲ್ಲ.

ದಾರಿ ಇಲ್ಲವೆಂದಲ್ಲ. ಸೆಪ್ಟಿಕ್ ಟ್ಯಾಂಕ್ ಇರುವ ತೋಟದ ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಬಹುದು. ಗುಂಡಿ ಎಳೆಯುವ ಟ್ಯಾಂಕರ್ ಗಾಡಿಗಳು ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಓಡಾಡುತ್ತವೆ. ಆ ಗಾಡಿಗಳು ತಂದದ್ದನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಊರ ಮಟ್ಟದ ಘಟಕ 2015ರಲ್ಲೇ ದೇವನಹಳ್ಳಿಯಲ್ಲಿ ಶುರುವಾಯಿತು; ದೇಶಕ್ಕೇ ಮೊದಲ ಪ್ರಯೋಗಗಳಲ್ಲಿ ಅದೊಂದು. ಅಂದರೆ ಈ ಕೆಲಸ ನಮಗೆ ಬಾರದ್ದಲ್ಲ. ಪ್ರವಾಸದ ಯೋಜನೆಯಲ್ಲಿ ಅದಕ್ಕೊಂದು ಸಾಲು ಸಿಕ್ಕಿಲ್ಲ, ಅಷ್ಟೇ.

ಈಗ ನಿಲ್ಲಿಸುವ ಜಾಗದ ಮಾತು. ನಮ್ಮ ಕೆರೆಯನ್ನು ಸರೋವರವೆಂದು ತಿಳಿದದ್ದರಲ್ಲೇ ಅರ್ಧ ತಪ್ಪು ಕೂತಿದೆ. ಸುಪೀರಿಯರ್ ಹಿಮದ ಕಾಲದಲ್ಲಿ ತಾನಾಗಿ ಆದದ್ದು. ಕಡಬವಾಗಲಿ ಕುಣಿಗಲ್‌ನದಾಗಲಿ ಮನುಷ್ಯರು ಮಣ್ಣು ಹೊತ್ತು ಕಟ್ಟಿದ ಕೆರೆ. ಅದಕ್ಕೆ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಅಂಗಗಳಿವೆ. ಒಂದೊಂದರಲ್ಲೂ ಯಾರಾದರೊಬ್ಬರ ಕೆಲಸ ನಡೆಯುತ್ತಿರುತ್ತದೆ. ತೂಬಿನ ಬಳಿ ಗಾಡಿ ನಿಲ್ಲಿಸಿದರೆ ನೀರಗಂಟಿಯ ದಾರಿಗೆ ಅಡ್ಡ. ಕೋಡಿಯ ಹಾದಿಯಲ್ಲಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ದನ ನೀರಿಗಿಳಿಯುವ ಇಳಿಜಾರಿನಲ್ಲಿ ಶಾಮಿಯಾನ ಹಾಕಿದರೆ ಬೆಳಿಗ್ಗೆ ಏಳಕ್ಕೆಲ್ಲ ಜಗಳ. ಮೀನಿನ ಹಕ್ಕು ಗುತ್ತಿಗೆಗೆ ಹೋದ ಕೆರೆಯಲ್ಲಿ ಮೋಜಿಗೆ ಗಾಳ ಹಾಕಿ ಕೂತರೂ ಕೇಳುವವರಿರುತ್ತಾರೆ, ಕೇಳುವುದು ನ್ಯಾಯ ಕೂಡ.

ಹೊಸಬರನ್ನು ಹೆಚ್ಚು ಸೆಳೆಯುವುದು ಅಂಗಳ. ಜನವರಿ ಹೊತ್ತಿಗೆ ನೀರು ಹಿಂದೆ ಸರಿದ ಮೇಲೆ ಕೆರೆಯಂಗಳದಲ್ಲಿ ಗರಿಕೆ ಚಿಗುರಿ ಹಸಿರು ಮೈದಾನದ ಹಾಗೆ ಕಾಣುತ್ತದೆ. ಮಟ್ಟಸವಾದ ನೆಲ, ಎದುರಿಗೆ ನೀರು, ದಡದಲ್ಲಿ ಬೆಳ್ಳಕ್ಕಿ. ಕ್ಯಾರವಾನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎನಿಸುತ್ತದೆ. ಮೇಲಿನ ನಾಲ್ಕು ಬೆರಳಷ್ಟು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗಿರುವುದು ಗೋಡು. ವರ್ಷಗಳಿಂದ ಕೊಚ್ಚಿ ಬಂದು ತಳ ಸೇರಿದ ಆ ನುಣುಪು ಮಣ್ಣು ಹೊಲಕ್ಕೆ ಬಂಗಾರ, ಚಕ್ರಕ್ಕೆ ಬಲೆ. ದನ ನಡೆದರೆ ಗೊರಸಿನ ಗುರುತಿನಲ್ಲಿ ನೀರು ಜಿನುಗುತ್ತದೆ. ಮೂರ್ನಾಲ್ಕು ಟನ್ ತೂಗುವ ಗಾಡಿ ಅಲ್ಲಿಗೆ ಬಂದರೆ ಹಿಂದಿನ ಚಕ್ರ ಮೊದಲು ಕೂರುತ್ತದೆ. ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ತುಳಿದಷ್ಟೂ ಆಳಕ್ಕೆ ಇಳಿಯುತ್ತದೆ. ಆಮೇಲೆ ಊರಿನಿಂದ ಟ್ರ್ಯಾಕ್ಟರ್ ಬರಬೇಕು, ಹಗ್ಗ ಬರಬೇಕು, ಹತ್ತು ಜನ ಬರಬೇಕು. ಹಳ್ಳಿಯವರು ಬರುತ್ತಾರೆ, ಎಳೆದೂ ಕೊಡುತ್ತಾರೆ. ಮೊದಲೇ ಒಬ್ಬರನ್ನು ಕೇಳಿದ್ದರೆ ಅಲ್ಲಿಗೆ ಇಳಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಗೋಡಿನಲ್ಲಿ ಸಿಕ್ಕಿದ ಗಾಡಿಯನ್ನು ಎಳೆಯಬಹುದು. ಮಾರ್ಕೋನಹಳ್ಳಿಯ ವಿಷಯ ಬೇರೆ. ಆ ಎರಡನೆಯ ರಾತ್ರಿಯ ಬಗ್ಗೆ ನಿಧಾನವಾಗಿ ಯೋಚಿಸಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಅಣೆಕಟ್ಟೆಗೆ ನಡುವೆ 139 ಮೀಟರ್ ಉದ್ದದ ಕಲ್ಲಿನ ಕಟ್ಟಡ, ಎರಡೂ ಬದಿಗೆ ಸೇರಿ 1,470 ಮೀಟರ್ ಮಣ್ಣಿನ ಏರಿ. ಇದರ ಹೆಸರುವಾಸಿ ಸಂಗತಿ ಸೈಫನ್. ಹೆಚ್ಚಾದ ನೀರನ್ನು ಬಿಡಲು ಇಲ್ಲಿ ಗೇಟು ತಿರುಗಿಸುವ ಕೈ ಬೇಕಿಲ್ಲ. ಡ್ರಮ್ಮಿಗೆ ಪೈಪು ಹಾಕಿ ಬಾಯಲ್ಲಿ ಎಳೆದು ಡೀಸೆಲ್ ತೆಗೆಯುವುದನ್ನು ನೋಡಿದವರಿಗೆ ಇದರ ತತ್ವ ಕೂಡಲೇ ತಿಳಿಯುತ್ತದೆ. ಕಟ್ಟಡದೊಳಗೆ ಬೋರಲು ಬಾಗಿದ ಕೊಳವೆಗಳಿವೆ. ಜಲಾಶಯದ ಮಟ್ಟ ಗೊತ್ತಾದ ಗೆರೆ ದಾಟಿದಾಗ ಬಾಗಿನ ಮೇಲಿಂದ ನೀರು ಮೊದಲು ಸಣ್ಣಗೆ ಜಾರುತ್ತದೆ. ಹಾಗೆ ಜಾರುವ ನೀರು ಕೊಳವೆಯೊಳಗಿನ ಗಾಳಿಯನ್ನೂ ಸೆಳೆದುಕೊಂಡು ಹೋಗುತ್ತದೆ. ಗಾಳಿ ಬರಿದಾಯಿತೋ, ಕೊಳವೆ ಬಾಯಿತುಂಬ ನೀರೆಳೆದು ಒಮ್ಮೆಲೇ ಕೆಳಗೆ ಕಾರುತ್ತದೆ. ಮಟ್ಟ ಇಳಿದು ಮತ್ತೆ ಗಾಳಿ ಒಳನುಗ್ಗುವವರೆಗೂ ಅದು ನಿಲ್ಲುವುದಿಲ್ಲ.

ಎಂಜಿನಿಯರನ ಕಣ್ಣಿಗೆ ಇದು ಸೊಗಸಾದ ಕೆಲಸ, ನಿಜ. ನಟ್ಟಿರುಳಲ್ಲಿ ನೆರೆ ಬಂದರೂ ಕಾವಲುಗಾರನ ನಿದ್ದೆಯನ್ನು ನೆಚ್ಚಬೇಕಿಲ್ಲ. ಕೆಳಗಡೆ ಬಂಡೆಯ ಮೇಲೆ ಕೂತವರ ಪಾಲಿಗೆ ಅದೇ ಗುಣ ಗಂಡಾಂತರ. ಪಾದ ನೆನೆಯುವಷ್ಟಿದ್ದ ನೀರು ಕ್ಷಣದಲ್ಲಿ ಎದೆಮಟ್ಟಕ್ಕೆ ಬರಬಹುದು. ಜಲಾನಯನ ಪ್ರದೇಶ 4,103 ಚದರ ಕಿ.ಮೀ.; ಕುಣಿಗಲ್ ಕಡೆ ಬಿಸಿಲು ಕಾಯುತ್ತಿದ್ದರೂ ಹಿಂದಿನ ರಾತ್ರಿ ಗುಬ್ಬಿಯ ಮೇಲೆ ಸುರಿದ ಮಳೆ ಇಲ್ಲಿಗೆ ಬಂದು ಮುಟ್ಟುತ್ತದೆ. 2025ರ ಅಕ್ಟೋಬರ್‌ನಲ್ಲಿ ವಿಹಾರಕ್ಕೆಂದು ಬಂದ ಒಂದೇ ಬಳಗದ ಹಲವರು ಸೈಫನ್ನಿನಿಂದ ಹಠಾತ್ತನೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ದಸರೆಯ ರಜೆ, ತುಂಬಿದ ಜಲಾಶಯ, ಕಾಲಡಿ ತಣ್ಣನೆಯ ತೆಳು ನೀರು. ಅಲ್ಲಿ ಯಾರಾದರೂ ಇಳಿಯುತ್ತಿದ್ದರು. ಇಳಿದವರನ್ನು ದೂರುವುದು ಸುಲಭ, ಅದರಿಂದ ಯಾರಿಗೂ ಉಪಯೋಗವಿಲ್ಲ. ಈ ಜಿಲ್ಲೆಯಲ್ಲಿ ನೀರಿನ ಪಕ್ಕದ ಯಾವ ಯೋಜನೆಯಾದರೂ ಆ ದಿನವನ್ನು ನೆನೆದೇ ಬರೆಯಬೇಕು: ಅಕ್ಟೋಬರ್ ಬೇಡ, ಅಣೆಕಟ್ಟೆಯ ಕೆಳಬದಿ ಯಾವ ತಿಂಗಳಲ್ಲೂ ಬೇಡ.

ತುಮಕೂರು ಸೀಮೆಗೆ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುತ್ತದೆ. ಪ್ರವಾಸಿಯ ರಜೆ ಸಿಗುವುದೂ ಆಗಲೇ. ಈ ತಾಳ ತಪ್ಪುವಿಕೆಯನ್ನು ಯೋಜನೆ ಮಾಡುವವರು ಗಮನಿಸುತ್ತಲೇ ಇಲ್ಲ. ನವೆಂಬರ್ ಕಳೆದು ಫೆಬ್ರವರಿವರೆಗಿನ ದಿನಗಳೇ ಸರಿ: ನೀರು ಇನ್ನೂ ಇರುತ್ತದೆ, ಕೋಡಿ ನಿಂತಿರುತ್ತದೆ, ರಾತ್ರಿ ಚಳಿಯಿರುವುದರಿಂದ ಎ.ಸಿ.ಗಾಗಿ ಕರೆಂಟು ಹುಡುಕುವ ತಾಪತ್ರಯವೂ ಇಲ್ಲ.

ಗುಬ್ಬಿಯ ನೆಲದಲ್ಲಿ ನಿಂತು ಕ್ಯಾಂಪ್ ಎಂಬ ಮಾತನ್ನು ಹೊಸದೆಂಬಂತೆ ಆಡುವುದೂ ಸರಿಯಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆ ಮಾತನ್ನು ಕನ್ನಡದ ಮನೆಮಾತು ಮಾಡಿತು. ಕಂಪನಿ ಈಗ ಎಲ್ಲಿ ಕ್ಯಾಂಪ್ ಹಾಕಿದೆ ಎಂದು ಜನ ಕೇಳುತ್ತಿದ್ದರು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಆ ಕಂಪನಿಯೊಂದಿಗೆ ಸಾಗುತ್ತಿದ್ದುದು ನಟರು ಮಾತ್ರವಲ್ಲ. ಅಡಿಗೆಯವರು, ಬಡಗಿಗಳು, ಪರದೆ ಬರೆಯುವವರು, ಹೆಂಡಿರು ಮಕ್ಕಳು, ಡೈನಮೋ, ಜಿಂಕ್ ಶೀಟು, ಬೊಂಬು. ‘ಕುರುಕ್ಷೇತ್ರ’ಕ್ಕೆ ಆನೆ-ಕುದುರೆಗಳನ್ನೇ ತಂದರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತರೆಲ್ಲ ಒಂದಲ್ಲ ಒಂದು ಕಾಲಕ್ಕೆ ಆ ಪಂಕ್ತಿಯಲ್ಲಿ ಉಂಡವರು. ಇಷ್ಟು ದೊಡ್ಡ ಸಂಸಾರ ಊರಿಂದೂರಿಗೆ ಹೋಗಬೇಕಾದರೆ ಯಾರಾದರೂ ಮುಂದಾಗಿ ಹೋಗಿ ಮೈದಾನ ಗೊತ್ತುಮಾಡಬೇಕು, ಬಾವಿ ನೋಡಬೇಕು, ಪರವಾನಗಿ ಪಡೆಯಬೇಕು, ಊರ ಹಿರಿಯರನ್ನು ಕಾಣಬೇಕು. ಕಂಪನಿ ನಾಟಕದ ವೈಭವದ ಮಾತಾಡುವವರು ಬಹಳ. ಆ ಮುಂಗಡ ಕೆಲಸವೂ ಅದರ ಕಲೆಯ ಭಾಗವೇ ಎಂದು ನೆನೆಯುವವರು ಕಡಿಮೆ. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅವರ ಬದುಕಿನ ಈ ಮುಖವೂ ಅಲ್ಲಿ ಒಮ್ಮೆ ಚರ್ಚೆಗೆ ಬಂದರೆ ಒಳ್ಳೆಯದು.

ಇನ್ನೊಂದು ಪಾಠ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿದೆ. ಶಿವರಾತ್ರಿಯ ಆಸುಪಾಸಿನಲ್ಲಿ ರೈತರು ಹಳ್ಳಿಕಾರ್ ಎತ್ತುಗಳನ್ನು ಕರೆತಂದು ದಿನಗಟ್ಟಲೆ ಬಯಲಲ್ಲಿ ತಂಗುತ್ತಾರೆ. ಹಿಂದೆ ಕಮಾನು ಗಾಡಿಗಳಲ್ಲಿ ಬರುತ್ತಿದ್ದರು. ಬಾಗಿಸಿದ ಬಿದಿರಿಗೆ ಚಾಪೆ ಹೊದಿಸಿದ ಆ ಕಮಾನೇ ಮನೆ. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಹಿಂಭಾಗದಲ್ಲಿ ಹುರಿಹಿಟ್ಟಿನ ಗಂಟು, ರಾಗಿ ಹಿಟ್ಟು, ಉಪ್ಪಿನಕಾಯಿ ಭರಣಿ. ನೊಗದ ಬಳಿ ಲಾಟೀನು. ಮೇವು ಎಷ್ಟು ದಿನಕ್ಕೆ ಬರುತ್ತದೆ, ದನಕ್ಕೆ ನೀರೆಲ್ಲಿ ಸಿಗುತ್ತದೆ ಎಂಬ ಲೆಕ್ಕ ಹೊರಡುವ ಮುಂಚೆಯೇ ಮುಗಿದಿರುತ್ತಿತ್ತು. ಎತ್ತಿಗೆ ನೀರಿಲ್ಲದ ಕಡೆ ಗಾಡಿ ಬಿಚ್ಚುವ ಮಾತೇ ಇರಲಿಲ್ಲ. ಡೀಸೆಲ್ ಗಾಡಿಗೆ ಬಾಯಿಲ್ಲದ್ದರಿಂದ ಆ ಲೆಕ್ಕ ನಮ್ಮಿಂದ ತಪ್ಪಿಹೋಗಿದೆ.

ಸರ್ಕಾರದ ಯೋಚನೆಯೂ ಇದೇ ತಪ್ಪಿನ ದಾರಿಯಲ್ಲಿದೆ. ಗಾಡಿಯ ಮಟ್ಟಿಗೆ ನಿಯಮ ಸ್ಪಷ್ಟ: ಮೋಟಾರ್ ಕ್ಯಾರವಾನ್ ಎನಿಸಿಕೊಳ್ಳಲು ಕೂರುವ ಜಾಗ, ಮೇಜು, ಮಲಗುವ ಸೌಕರ್ಯ, ಅಡಿಗೆಯ ವ್ಯವಸ್ಥೆ, ಸಾಮಾನಿಡುವ ಸ್ಥಳ ಇರಬೇಕೆಂದು ಎಐಎಸ್-124 ಎಂಬ ವಾಹನ ಮಾನದಂಡ ಹೇಳುತ್ತದೆ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯೂ ಕ್ಯಾರವಾನ್ ಪ್ರವಾಸವನ್ನು ಹೆಸರಿಸಿ ಪ್ರೋತ್ಸಾಹದ ಮಾತಾಡಿತು. ಕೇರಳ 2021ರಲ್ಲಿ ತನ್ನ ಯೋಜನೆ ಹೊರತಂದಾಗ ತಂಗುದಾಣಕ್ಕೂ ಗಾಡಿಯಷ್ಟೇ ಮಹತ್ವ ಕೊಟ್ಟಿತು: ಕನಿಷ್ಠ ಅರ್ಧ ಎಕರೆ ಜಾಗ, ಐದು ಗಾಡಿಗಳಿಗೆ ನೆಲೆ. ಮರುವರ್ಷ ವಾಗಮಣ್‌ನಲ್ಲಿ ಮೊದಲ ತಂಗುದಾಣ ತೆರೆಯಿತು. ಅಲ್ಲಿನ ಅನುಭವವೆಲ್ಲ ಹೂವಿನ ಹಾಸಿಗೆಯಾಗಿರಬೇಕೆಂದಿಲ್ಲ. ಆದರೆ ನೆಲವನ್ನು ಅಳೆದು ಹೇಳಿದ್ದು ದೊಡ್ಡ ವಿವೇಕ. ಅರ್ಧ ಎಕರೆ ಎಂದರೆ ಗುಬ್ಬಿಯ ಒಬ್ಬ ಸಣ್ಣ ಹಿಡುವಳಿದಾರನ ತೆಂಗಿನ ತೋಟದ ಮೂಲೆ. ನುಸಿ ರೋಗ, ಬರ, ಕೊಬ್ಬರಿ ಬೆಲೆಯ ಏರಿಳಿತಗಳಲ್ಲಿ ಬೆಂದ ಬೆಳೆಗಾರನಿಗೆ ಅದೊಂದು ಆಸರೆಯಾಗಬಹುದು. ಕೆರೆಯಂಗಳ ಒತ್ತುವರಿಯಾಗುವುದೂ ತಪ್ಪುತ್ತದೆ.

ಹಾಗೆ ನೋಡಿದರೆ ಆ ಶಿಂಷಾ ಯೋಜನೆಯನ್ನು ಹರಿದು ಹಾಕಬೇಕಿಲ್ಲ, ತಿದ್ದಿ ಬರೆಯಬೇಕು. ದೇವರಾಯನದುರ್ಗ, ನಾಮದ ಚಿಲುಮೆಯ ಕಡೆ ಅರಣ್ಯ ಇಲಾಖೆಯ ನೆಲ. ಅಲ್ಲಿ ಹಗಲು ನೋಡಿ ಹೊರಟುಬಿಡುವುದು ಸರಿ. ಕಡಬದಲ್ಲಿ ಗಾಡಿ ಕೆರೆಯಿಂದ ಒಂದು ಕಿಲೋಮೀಟರ್ ಈಚೆಗೇ ನಿಲ್ಲಲಿ, ತೋಟದಲ್ಲೋ ಊರಿನವರು ತೋರಿಸಿದ ಗಟ್ಟಿ ನೆಲದಲ್ಲೋ. ಪಂಚಾಯಿತಿ ಕಚೇರಿಗೆ ಹೋಗಿ ಹೆಸರು, ಗಾಡಿ ನಂಬರ್ ಬರೆಸಿದರೆ ರಾತ್ರಿ ಯಾರೋ ಟಾರ್ಚ್ ಬಿಟ್ಟು ವಿಚಾರಿಸುವ ಪ್ರಮೇಯ ಬರುವುದಿಲ್ಲ. ಕುಡಿಯುವ ನೀರಿಗೆ ಹಳ್ಳಿ ಹಳ್ಳಿಯ ಶುದ್ಧ ನೀರಿನ ಘಟಕಗಳಿವೆ: ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ಬೆಳಿಗ್ಗೆ ಸಾಲಿನಲ್ಲಿ ನಿಂತವರು ಮೊದಲು ತುಂಬಿಸಿಕೊಳ್ಳಲಿ. ನೂರು ಲೀಟರಿನ ತೊಟ್ಟಿ ಇರುವ ಗಾಡಿ ಮಧ್ಯಾಹ್ನ ಹೋಗುವುದು ಮರ್ಯಾದೆ. ಅಡಿಗೆ ಗಾಡಿಯಲ್ಲೇ ಆಗಬೇಕೆಂಬ ಹಟವೂ ಬೇಡ. ಮುದ್ದೆ, ಉಪ್ಪೆಸರು ಮಾಡಿಕೊಡುವ ಮನೆಗಳು ಆ ಕಡೆ ಇವೆ, ಹಣ ಕೊಟ್ಟು ಊಟ ಮಾಡುವುದರಿಂದ ಊರಿಗೂ ನಾಲ್ಕು ಕಾಸು ಸೇರುತ್ತದೆ.

ಮಾರ್ಕೋನಹಳ್ಳಿಯನ್ನು ಹಗಲಿನಲ್ಲಿ, ಮೇಲಿಂದ ನೋಡಬೇಕು. ರಾತ್ರಿಯ ಬೀಡು ಕುಣಿಗಲ್ ಪಟ್ಟಣದ ಹತ್ತಿರ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಸಂಜೆ ನಡೆಯುವಾಗ ಗಾಡಿ ಪಕ್ಕದಲ್ಲಿರಬೇಕಾದ ಅಗತ್ಯ ಏನೂ ಇಲ್ಲ. ಕನ್ನಡ ನಾಡಿನ ಮಕ್ಕಳೆಲ್ಲ ಜನಪದ ಹಾಡಿನಲ್ಲಿ ಕೇಳಿ ಬೆಳೆದ ಕೆರೆ ಅದು. ಎಡಕ್ಕೆ ನೀರು, ಬಲಕ್ಕೆ ಅಚ್ಚುಕಟ್ಟಿನ ಹಸಿರು. ಮುಳುಗುವ ಸೂರ್ಯನ ಬೆಳಕು ಎರಡರ ಮೇಲೂ ಬೀಳುತ್ತದೆ. ಎದುರಾಗುವವರಲ್ಲಿ ಒಬ್ಬರಾದರೂ ಯಾವೂರಾಯ್ತು ಎಂದು ಕೇಳಿಯೇ ಕೇಳುತ್ತಾರೆ. ಐದು ನಿಮಿಷ ನಿಂತು ಮಾತಾಡಿದರೆ ಈ ವರ್ಷ ಕೋಡಿ ಬಿದ್ದದ್ದು ಯಾವಾಗ, ಏರಿ ಎಲ್ಲಿ ಒಸರುತ್ತಿದೆ, ಗಟ್ಟಿ ನೆಲ ಯಾರ ತೋಟದಲ್ಲಿದೆ ಎಂಬುದೆಲ್ಲ ತಿಳಿಯುತ್ತದೆ. ಮುಂದಿನ ಸಲ ಗಾಡಿ ಬಾಡಿಗೆಗೆ ಗೊತ್ತುಮಾಡುವ ಮುಂಚೆ ಮನೆಯವರಲ್ಲಿ ಒಬ್ಬರು ಬೆಳಗಿನ ಬಸ್ಸು ಹಿಡಿದು ಬಂದು ಈ ಮಾತಾಡಿ ಹೋಗಬಹುದು. ತುಮಕೂರಿನಿಂದ ಕುಣಿಗಲ್‌ಗೆ ಒಂದು ಗಂಟೆಯ ದಾರಿ.